ವಸ್ತಾದನಿಗೆ ಪಗಾರ ಯಾರು ಕೊಡುತ್ತಿದ್ದರು?

ನಮ್ಮ ಕಡೆ, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ, ಮಗ ಇಂಜಿನಿಯರ್ ಆಗ್ತೀನಿ ಅಂದರೆ ಮನೆಯಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಪೊಲೀಸ್ ಆಗ್ತೀನಿ, ಮಿಲಿಟ್ರಿ ಸೇರ್ತೀನಿ ಅಂದರೂ ಖುಷಿಯೇ. ಆದರೆ "ಜಿಮ್ ಟ್ರೇನರ್ ಆಗ್ತೀನಿ" ಅಂದು ನೋಡಿ, ಅಪ್ಪ ಊಟದ ತಾಟು ಸರಿಸಿ ಕೇಳುತ್ತಾನೆ: "ಮಂದಿಗೆ ದಂಡ-ಬೈಠಕ್ ಹೊಡಸೂದೂ ಒಂದ್ ನೌಕರಿ ಏನಲೇ? ಅದಕ್ಕ ಪಗಾರ ಯಾರ್ ಕೊಡ್ತಾರ?"

ನಗು ಬರುವಂಥ ಪ್ರಶ್ನೆ. ಆದರೆ ಸ್ವಲ್ಪ ಯೋಚಿಸಿದರೆ ಇದು ಒಳ್ಳೆಯ ಇತಿಹಾಸದ ಪ್ರಶ್ನೆಯೂ ಹೌದು. ಇನ್ನೊಬ್ಬರ ಮೈ ತಯಾರು ಮಾಡುವ ಮನುಷ್ಯ ನಮ್ಮ ಊರುಗಳಿಗೆ ಹೊಸಬನಲ್ಲ. ಅವನಿಗೆ ನಾವು "ವಸ್ತಾದ" ಅಂತ ಕರೆಯುತ್ತ ಬಂದಿದ್ದೇವೆ. ಹಾಗಾದರೆ ಆ ವಸ್ತಾದನಿಗೆ ಪಗಾರ ಯಾರು ಕೊಡುತ್ತಿದ್ದರು? ಇದನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೋದರೆ ಒಂಬೈನೂರು ವರ್ಷದಷ್ಟು ಕತೆ ಸಿಗುತ್ತದೆ. ಬನ್ನಿ, ಒಂದು ಸುತ್ತು ಹೋಗಿಬರೋಣ.

ಮೊದಲು ಮಾತುಗಳನ್ನೇ ನೋಡೋಣ. ದಕ್ಷಿಣ ಕರ್ನಾಟಕದ ಗೆಳೆಯರು "ಗರಡಿ ಮನೆ" ಅನ್ನುತ್ತಾರೆ. ನಮ್ಮಲ್ಲಿ ಗರಡಿ ಅಂದರೂ ಗೊತ್ತು, "ತಾಲೀಮು" ಅಂದರೂ ಗೊತ್ತು. ತಾಲೀಮು ಅಂದರೆ ಅರಬ್ಬಿಯಲ್ಲಿ ಕಲಿಸುವುದು, ಶಿಕ್ಷಣ. ಪೈಲ್ವಾನ, ಕುಸ್ತಿ, ಉಸ್ತಾದ ಇವೆಲ್ಲ ಫಾರಸಿಯಿಂದ ಬಂದವು. ಉಸ್ತಾದ ನಮ್ಮ ಬಾಯಲ್ಲಿ ವಸ್ತಾದ ಆಗಿದ್ದಾನೆ. ಹುಕ್ಕೇರಿಗೆ ಹೋದವರು ಅಲ್ಲಿನ ಆದಿಲಶಾಹಿ ಕಾಲದ ಗುಮ್ಮಟಗಳನ್ನು ನೋಡಿರುತ್ತೀರಿ. ಆ ಗುಮ್ಮಟಗಳಂತೆಯೇ ಈ ಮಾತುಗಳೂ ನಮ್ಮ ಸೀಮೆಯಲ್ಲಿ ಉಳಿದುಬಿಟ್ಟಿವೆ. ಒಂದೇ ವ್ಯತ್ಯಾಸ ಅಂದರೆ ಗುಮ್ಮಟ ನೋಡಲು ಹೋಗಬೇಕು, ಮಾತು ದಿನಾ ಬಾಯಲ್ಲಿ ಇರುತ್ತದೆ. ಈಗಲೂ ಯಾವುದಾದರೂ ಕೆಲಸದಲ್ಲಿ ಪಳಗಿದವನನ್ನು ಕಂಡರೆ "ಅಂವಾ ವಸ್ತಾದ ಅದಾನ ಬಿಡು" ಅನ್ನುತ್ತೇವಲ್ಲ!

ಆದರೆ ಮಾತು ಫಾರಸಿಯದಾದ ಮಾತ್ರಕ್ಕೆ ಕಸುಬೂ ಅಲ್ಲಿಂದಲೇ ಬಂತು ಅಂತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ "ಮಾನಸೋಲ್ಲಾಸ" ಎಂಬ ದೊಡ್ಡ ಗ್ರಂಥ ಬರೆಸಿದ. ಅಡುಗೆ, ಬೇಟೆ, ಸಂಗೀತ, ಆನೆ, ಔಷಧ ಹೀಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಮಲ್ಲರ ಬಗ್ಗೆಯೂ ಒಂದು ಭಾಗವಿದೆ. ಆ ಕಾಲದಲ್ಲಿ ನಮ್ಮ ಸೀಮೆ ಸವದತ್ತಿಯ ರಟ್ಟರ ಕೈಯಲ್ಲಿತ್ತು, ರಟ್ಟರು ಕಲ್ಯಾಣದವರ ಸಾಮಂತರು. ಹಾಗಾಗಿ ಇದು ನಮ್ಮ ಸಾಮ್ರಾಜ್ಯದ್ದೇ ಪುಸ್ತಕ ಅನ್ನಬಹುದು.

ಮಾನಸೋಲ್ಲಾಸ ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ದರ್ಜೆ ಮಾಡುತ್ತದೆ. ಎಲ್ಲರಿಗಿಂತ ಮೇಲಿನವನು ಜ್ಯೇಷ್ಠಿಕ. ನಮ್ಮ "ಜಟ್ಟಿ" ಎಂಬ ಮಾತೂ ಜ್ಯೇಷ್ಠಿ ಎಂಬುದರಿಂದಲೇ ಬಂದದ್ದು. ಇನ್ನು ವ್ಯಾಯಾಮದ ಪಟ್ಟಿ ನೋಡಿ. ಭಾರಶ್ರಮ ಅಂದರೆ ಭಾರ ಎತ್ತುವುದು. ಭ್ರಮಣಶ್ರಮ ಅಂದರೆ ನಡೆಯುವುದು. ಸಲಿಲಶ್ರಮ ಅಂದರೆ ಈಜುವುದು. ತೋಳಿನ ಬಲಕ್ಕೆ ಬೇರೆ ಶ್ರಮ. ಸ್ತಂಭಶ್ರಮ ಅಂದರೆ ನೆಟ್ಟ ಕಂಬದ ಮೇಲೆ ಮಾಡುವ ಕಸರತ್ತು, ನಮ್ಮ ಮಲ್ಲಕಂಬದ ಅಜ್ಜ ಅನ್ನಿ. ಇವತ್ತಿನ ಜಿಮ್ಮಿನ ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ "ಸೋಮವಾರ ಎದೆ, ಮಂಗಳವಾರ ಬೆನ್ನು" ಅಂತ ಇರುತ್ತದಲ್ಲ, ಅದನ್ನು ಒಂಬೈನೂರು ವರ್ಷದ ಹಿಂದೆಯೇ ಕಲ್ಯಾಣದಲ್ಲಿ ಬರೆದಿಟ್ಟಿದ್ದರು :-)

ಮುಖ್ಯ ವಿಷಯ ಏನೆಂದರೆ ಖರ್ಚೆಲ್ಲ ಯಾರದು ಎಂಬುದೂ ಅಲ್ಲಿದೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಎಲ್ಲವನ್ನೂ ಒದಗಿಸುವ ಜವಾಬ್ದಾರಿ ಅರಸನದು. ಅಂದರೆ ಪಗಾರ ಕೊಡುವವನು ಅರಸ. ಕೊಟ್ಟಮೇಲೆ ಆ ಮೈಯೂ ಅರಸನದೇ. ಅವನಿಗೆ ಬೇಕಾದಾಗ ಆಡಬೇಕು, ಅವನ ವಿನೋದಕ್ಕೆ ಆಡಬೇಕು. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಂದೇ ಜಿಗಿತಕ್ಕೆ ನೂರಿಪ್ಪತ್ತು ವರ್ಷದ ಹಿಂದಕ್ಕೆ ಬರೋಣ. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆ. ಸುತ್ತಮುತ್ತ ಮಾತ್ರ ಸಣ್ಣ ದೊಡ್ಡ ಸಂಸ್ಥಾನಗಳು: ಕೊಲ್ಹಾಪುರ, ಸಾಂಗಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕೊಲ್ಹಾಪುರ ದೂರವೇನಲ್ಲ. ಕುಸ್ತಿಯ ವಿಷಯದಲ್ಲಂತೂ ನಮ್ಮವರಿಗೆ ಬೆಂಗಳೂರು, ಮೈಸೂರಿಗಿಂತ ಕೊಲ್ಹಾಪುರವೇ ಹತ್ತಿರ.

ಅಲ್ಲಿ 1894ರಿಂದ 1922ರವರೆಗೆ ಆಳಿದವರು ಛತ್ರಪತಿ ಶಾಹೂ ಮಹಾರಾಜರು. ಸ್ವತಃ ಕುಸ್ತಿಯ ಹುಚ್ಚಿದ್ದವರು. 1902ರಲ್ಲಿ ಇಂಗ್ಲೆಂಡಿಗೆ ಹೋದಾಗ ರೋಮಿನಲ್ಲಿ ಹಳೆಯ ಕಲೋಸಿಯಂ ನೋಡಿ, ನಮ್ಮಲ್ಲೂ ಇಂಥದ್ದೊಂದು ಬೇಕು ಅಂತ 1907ರಿಂದ 1912ರ ನಡುವೆ ಖಾಸಬಾಗ ಮೈದಾನ ಕಟ್ಟಿಸಿದರು. ನಡುವೆ ಕಣ, ಸುತ್ತಲೂ ಏರುತ್ತ ಹೋಗುವ ಕೂಡುವ ಜಾಗ, ಎಲ್ಲಿ ಕೂತರೂ ಕುಸ್ತಿ ಕಾಣಬೇಕು. ಪಂಜಾಬದ ಕಡೆಯ ಹೆಸರಾಂತ ಪೈಲ್ವಾನರೆಲ್ಲ ಕೊಲ್ಹಾಪುರಕ್ಕೆ ಬಂದರು. ಊರ ಓಣಿ ಓಣಿಗೆ ತಾಲೀಮು. ಅದರ ಗಾಳಿ ನಮ್ಮ ಹಳ್ಳಿಗಳಿಗೂ ಬೀಸಿತು.

ಆದರೆ ಹಳ್ಳಿಯ ತಾಲೀಮಿಗೆ ಅರಸನ ಬೊಕ್ಕಸ ಎಲ್ಲಿಂದ ಬರಬೇಕು? ಅಲ್ಲಿ ಬೇರೆಯದೇ ವ್ಯವಸ್ಥೆ. ಮಣ್ಣಿನ ಗೋಡೆಯ ಒಂದು ಕೋಣೆ, ಗೋಡೆಯಲ್ಲಿ ಹನುಮಪ್ಪ, ನಡುವೆ ಕೆಂಪು ಮಣ್ಣಿನ ಕಣ. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ಲಿಂಬೆರಸ ಹಾಕಿ ಹದ ಮಾಡುತ್ತಾರೆ. ನಸುಕಿನಲ್ಲಿ ಎದ್ದು ಬಂದ ಹುಡುಗರು ಮೊದಲು ಸಲಿಕೆ ಹಿಡಿದು ಕಣ ಕೆದಕಬೇಕು. ಅದೇ ಮೊದಲ ವ್ಯಾಯಾಮ! ಆಮೇಲೆ ದಂಡ, ಬೈಠಕ್, ಗದೆ, ಗುಂಡುಕಲ್ಲು. ಆಮೇಲೆ ಜೋಡಿ ಹಚ್ಚಿ ಆಡಿಸುವುದು. ವಸ್ತಾದ ಕಟ್ಟೆಯ ಮೇಲೆ ಕೂತು ಯಾವ ಹುಡುಗನ ಮೊಣಕಾಲು ಎಲ್ಲಿ ತಪ್ಪುತ್ತಿದೆ ಅಂತ ನೋಡುತ್ತಿರುತ್ತಾನೆ. ಯಾರಿಗೆ ಎಷ್ಟು ದಂಡ, ಯಾರ ಮೈಗೆ ಯಾವ ಪಟ್ಟು ಒಗ್ಗುತ್ತದೆ, ಯಾರು ಇವತ್ತು ಆಡಬಾರದು ಎಲ್ಲ ಅವನ ತಲೆಯಲ್ಲೇ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. "ಪರ್ಸನಲ್ ಟ್ರೇನಿಂಗ್" ಅಂತ ಈಗ ಬೇರೆ ದರ ಹಚ್ಚಿ ಮಾರುವುದು ಇದನ್ನೇ ತಾನೇ?

ಇಷ್ಟಕ್ಕೆ ವಸ್ತಾದನಿಗೆ ಸಿಗುತ್ತಿದ್ದದ್ದು ಒಂದು ತೆಂಗಿನಕಾಯಿ, ಜಾತ್ರೆಯಲ್ಲಿ ಒಂದು ರುಮಾಲು, ಊರವರ ಗೌರವ. ಫೀ ಅಂತ ಕೇಳುವುದು ನಾಚಿಕೆಯ ವಿಷಯ. ಹೊಟ್ಟೆಪಾಡಿಗೆ ಹೊಲವೋ ಇನ್ನೊಂದು ಕೆಲಸವೋ ಇರಬೇಕು. ಪೈಲ್ವಾನನಿಗಾದರೆ ಜಾತ್ರೆಯ ಕುಸ್ತಿಯಲ್ಲಿ ಗೆದ್ದರೆ ಬೆಳ್ಳಿ ಕಡಗವೋ ರೊಕ್ಕವೋ ಸಿಗುತ್ತಿತ್ತು. ಆ ರೊಕ್ಕ ಬರುತ್ತಿದ್ದದ್ದು ಊರ ಹಿರಿಯರು ಮನೆಮನೆಗೆ ಹೋಗಿ ಕೂಡಿಸಿದ ಪಟ್ಟಿಯಿಂದ. ಅಂದರೆ ಇಲ್ಲಿ ಪಗಾರ ಕೊಟ್ಟದ್ದು ಊರು. ಪೈಲ್ವಾನನಿಗೆ ಸ್ವಲ್ಪ, ವಸ್ತಾದನಿಗೆ ಗೌರವ ಮಾತ್ರ.

ಇದೇ ಗೋಕಾಕದಲ್ಲಿ ಒಂದು ತಮಾಷೆ ಗಮನಿಸಿ. 1887ರಲ್ಲಿ ಗೋಕಾಕ ಫಾಲ್ಸ್ ಹತ್ತಿರ ನೂಲಿನ ಗಿರಣಿ ಶುರುವಾಯಿತು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಬಲದಿಂದ ಯಂತ್ರ ತಿರುಗಿಸಿದರು. ಅಂದಿನಿಂದ ಮೈಯ ಶಕ್ತಿಯನ್ನು ತಾಸಿನ ಲೆಕ್ಕದಲ್ಲಿ ಮಾರಿದರೆ ತಿಂಗಳ ಪಗಾರ ಸಿಗುತ್ತದೆ ಎಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಆದರೆ ಆ ಮೈಯನ್ನು ತಯಾರು ಮಾಡಿದವನಿಗೂ ಪಗಾರ ಬೇಕಲ್ಲ ಎಂಬ ವಿಚಾರ ಮಾತ್ರ ಬರಲಿಲ್ಲ. ದುಡಿಮೆಗೆ ಬೆಲೆ ಕಟ್ಟಿದೆವು, ಕಲಿಕೆಗೆ ಕೈಮುಗಿದು ಸುಮ್ಮನಾದೆವು.

ಗೋಕಾಕ ಅಂದಮೇಲೆ ಕರದಂಟಿನ ಮಾತು ಬಿಡಲಾಗುತ್ತದೆಯೇ? ಕರಿದ ಅಂಟು, ಅದೇ ಕರದಂಟು. ಅಂಟನ್ನು ತುಪ್ಪದಲ್ಲಿ ಹುರಿದು ಅರಳಿಸಿ, ಒಣ ಕೊಬ್ಬರಿ, ಉತ್ತತ್ತಿ, ಬದಾಮಿ, ಗೋಡಂಬಿ, ಬೆಲ್ಲದ ಪಾಕ ಹಾಕಿ ಮಾಡುವ ಸಿಹಿ. ನಮ್ಮಲ್ಲಿ ಇದನ್ನು ಕೊಡುವುದು ಯಾರಿಗೆ ಹೇಳಿ? ಬಾಣಂತಿಗೆ ಮತ್ತು ಪೈಲ್ವಾನನಿಗೆ. ಇಬ್ಬರಿಗೂ ಸವೆದ ಮೈ ತುಂಬಿಕೊಳ್ಳಬೇಕು. ಪೈಲ್ವಾನರ ಊಟಕ್ಕೆ "ಖುರಾಕು" ಎನ್ನುತ್ತಾರೆ. ಹಾಲು, ತುಪ್ಪ, ಬದಾಮಿ ಅರೆದ ಥಂಡಾಯಿ, ಅನುಕೂಲ ಇದ್ದವರಿಗೆ ಮಾಂಸ. ತಾಲೀಮಿನಲ್ಲಿ ಕಲಿಕೆ ಪುಕ್ಕಟೆ ಆದರೂ ಖುರಾಕು ಪುಕ್ಕಟೆ ಅಲ್ಲ. ಬಡವರ ಮನೆಯ ಹುಡುಗ ಎಷ್ಟೇ ಗಟ್ಟಿ ಇದ್ದರೂ ಇಲ್ಲಿಯೇ ಸೋಲುತ್ತಿದ್ದ. ಗೌರವದ ಲೆಕ್ಕದಲ್ಲಿ ನಡೆಯುವ ವ್ಯವಸ್ಥೆ ಎಲ್ಲರಿಗೂ ಸಮಾನ ಅಂತ ನಾವು ಭಾವಿಸುವುದಕ್ಕೆ ಮುಂಚೆ ಈ ಬದಾಮಿಯ ಲೆಕ್ಕವನ್ನೂ ಹಾಕಬೇಕು.

ಇತ್ತ ನಮ್ಮಲ್ಲಿ ಹೀಗಿದ್ದಾಗ ಅತ್ತ ಬೆಂಗಳೂರಿನಲ್ಲಿ ಒಬ್ಬರು ಹೊಸ ದಾರಿ ಹಿಡಿದಿದ್ದರು. "ರೂಪದರ್ಶಿ" ಕಾದಂಬರಿ ಓದಿದವರಿಗೆ ಕೆ.ವಿ. ಅಯ್ಯರ್ ಹೆಸರು ಗೊತ್ತೇ ಇರುತ್ತದೆ. "ಶಾಂತಲಾ" ಬರೆದವರೂ ಅವರೇ. ಆದರೆ ಅವರ ನಿಜವಾದ ಕಸುಬು ಅಂಗಸಾಧನೆ ಕಲಿಸುವುದು ಎಂಬುದು ನಮ್ಮ ವಯಸ್ಸಿನವರಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಕೋಲಾರದ ಕಡೆಯವರಾದ ಅಯ್ಯರ್ 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು. 1930ರಲ್ಲಿ "ಮಸಲ್ ಕಲ್ಟ್" ಎಂಬ ಇಂಗ್ಲಿಷ್ ಪುಸ್ತಕ ತಂದರು. ಸೂರ್ಯನಮಸ್ಕಾರದ ಮೇಲೂ ಬರೆದರು. ಮೈಸೂರು ಅರಮನೆಗೂ ಅವರ ಕಲಿಕೆ ತಲುಪಿತ್ತು.

ಹೊಸದು ಏನೆಂದರೆ ಅವರು ಅಂಚೆಯ ಮೂಲಕವೂ ಕಲಿಸಿದರು. ದೂರದ ಊರಿನವರು ಹೆಸರು ನೋಂದಾಯಿಸಿದರೆ ಪಾಠ ಅಂಚೆಯಲ್ಲಿ ಬರುತ್ತಿತ್ತು. ಇದರ ಮಾದರಿ ಇದ್ದದ್ದು ಯೂರೋಪಿನಲ್ಲಿ. ಯೂಜೆನ್ ಸ್ಯಾಂಡೋ ಎಂಬ ಜಗಜಟ್ಟಿ 1897ರಲ್ಲಿ ಲಂಡನ್ನಿನಲ್ಲಿ ಅಂಗಸಾಧನೆಯ ಶಾಲೆ ತೆರೆದಿದ್ದ. 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋಗಿದ್ದ. ಸ್ಯಾಂಡೋನ ದಾರಿ ಮತ್ತು ನಮ್ಮ ದಂಡ-ಬೈಠಕ್, ಸೂರ್ಯನಮಸ್ಕಾರ, ಯೋಗ ಇವನ್ನೆಲ್ಲ ಅಯ್ಯರ್ ಒಟ್ಟಿಗೆ ಸೇರಿಸಿದರು. ಅದಕ್ಕಿಂತ ದೊಡ್ಡದು, ಕಲಿಯುವವನೇ ಕಲಿಸುವವನಿಗೆ ಹಣ ಕೊಡುತ್ತಾನೆ ಎಂಬ ವ್ಯವಹಾರವನ್ನು ನಾಚಿಕೆ ಇಲ್ಲದೆ, ಮರ್ಯಾದೆಯಿಂದ ಮಾಡಿ ತೋರಿಸಿದರು. ಕರ್ನಾಟಕದಲ್ಲಿ ಇವತ್ತಿನ ಅರ್ಥದ ಫಿಟ್ನೆಸ್ ಟ್ರೇನರ್ ಎಂಬ ಕಸುಬಿಗೆ ಅಡಿಪಾಯ ಹಾಕಿದವರು ಯಾರು ಅಂದರೆ ನಾನು ಅಯ್ಯರ್ ಅವರ ಹೆಸರನ್ನೇ ಹೇಳುತ್ತೇನೆ. ವಿಡಿಯೋ ಕಾಲಿನಲ್ಲಿ ಕಸರತ್ತು ಮಾಡಿಸುವ ಇವತ್ತಿನ ಹುಡುಗರಿಗೆ ಅಂಚೆಯಣ್ಣನ ಚೀಲದಲ್ಲಿ ಒಬ್ಬ ಮುತ್ತಜ್ಜ ಇದ್ದಾನೆ.

ಇನ್ನೊಂದು ದಾರಿಯೂ ಆಗಲೇ ತೆರೆದಿತ್ತು. ಸಾತಾರಾ ಕಡೆಯ ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಗಳಿಗೆ ತಂದರು, 1928ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಮದ್ರಾಸಿನಲ್ಲಿ 1920ರಲ್ಲೇ ವೈ.ಎಂ.ಸಿ.ಎ.ಯವರು ದೈಹಿಕ ಶಿಕ್ಷಣ ಕಲಿಸುವವರನ್ನು ತಯಾರು ಮಾಡುವ ಶಾಲೆ ತೆರೆದಿದ್ದರು. ಹೀಗೆ ಹುಟ್ಟಿದವನು ನಮಗೆಲ್ಲ ಪರಿಚಯದ, ಸೀಟಿ ಊದುವ ಪಿ.ಟಿ. ಮಾಸ್ತರ. ಮೈ ಕಲಿಸುವುದಕ್ಕೆ ಸರ್ಕಾರದ ಪಗಾರ ಪಡೆದವರು ಇವರು. ಆದರೆ ನೂರು ಹುಡುಗರಿಗೆ ಒಬ್ಬ ಮಾಸ್ತರ ಆದಾಗ ವಸ್ತಾದನ ಹಾಗೆ ಒಬ್ಬೊಬ್ಬರ ಮೊಣಕಾಲು ನೋಡುವುದು ಎಲ್ಲಿಂದ ಸಾಧ್ಯ?

ಸ್ವಾತಂತ್ರ್ಯ ಬಂತು. 1948ರ ಮಾರ್ಚಿನಲ್ಲಿ ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು, 1949ರ ಮಾರ್ಚಿನಲ್ಲಿ ಕೊಲ್ಹಾಪುರವೂ ಸೇರಿತು. ದೇಶಕ್ಕೆ ಒಳ್ಳೆಯದೇ ಆಯಿತು. ಆದರೆ ಪೈಲ್ವಾನರಿಗೆ ಅನ್ನ ಹಾಕುತ್ತಿದ್ದ ಅರಮನೆಯ ಬಾಗಿಲು ಮುಚ್ಚುತ್ತ ಬಂತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ನಮ್ಮ ಪೈಲ್ವಾನರ ಕೊಲ್ಹಾಪುರ ಇನ್ನೊಂದು ರಾಜ್ಯಕ್ಕೆ ಹೋಯಿತು.

ಆದರೂ ಮಣ್ಣಿನ ಗುಣ ಹೋಗಲಿಲ್ಲ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಮೊಟ್ಟಮೊದಲ ಹಿಂದ್ ಕೇಸರಿ ಆದವರು ಶ್ರೀಪತಿ ಖಂಚನಾಳೆ. ಅವರ ಹುಟ್ಟೂರು ನಮ್ಮ ಪಕ್ಕದ ಚಿಕ್ಕೋಡಿ ತಾಲೂಕಿನ ಯಕ್ಸಂಬಾ! ಬೆಳೆದದ್ದು, ನೆಲೆಸಿದ್ದು ಕೊಲ್ಹಾಪುರದಲ್ಲಿ. ಆಮೇಲೆ ಅವರೂ ಹುಡುಗರನ್ನು ತಯಾರು ಮಾಡುವ ವಸ್ತಾದರಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು.

ಎಲ್ಲರ ಕತೆ ಹೀಗಿರಲಿಲ್ಲ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಆಡಿ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಅವರು ಹೋಗುವ ಖರ್ಚಿಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆ ಇಟ್ಟರು. ಗೆದ್ದು ಬಂದಮೇಲೆ ಖಾಶಾಬಾ ಹೊಟ್ಟೆಪಾಡಿಗೆ 1955ರಲ್ಲಿ ಪೊಲೀಸ್ ಕೆಲಸ ಸೇರಿದರು. ನಮ್ಮ ಹಳ್ಳಿಯ ತಂದೆ ತಾಯಿ ಮಗ ಪೊಲೀಸ್ ಆಗಲಿ ಅಂತ ಯಾಕೆ ಬಯಸುತ್ತಾರೆ ಅಂತ ಈಗ ಅರ್ಥ ಆಗುತ್ತದೆ. ತಯಾರಾದ ಮೈಗೆ ಖಾತ್ರಿ ಪಗಾರ ಇದ್ದದ್ದು ಪೊಲೀಸ್, ಮಿಲಿಟ್ರಿ, ರೈಲ್ವೆಯಲ್ಲಿ ಮಾತ್ರ.

ಕಲಿಸುವವನ ಸರದಿ ಇನ್ನೂ ತಡವಾಗಿ ಬಂತು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾಗಿ ಕೋಚ್ ಎಂಬ ಹುದ್ದೆಗೆ ಓದು, ಸರ್ಟಿಫಿಕೇಟು ಬಂತು. ಅದೇ 1961ರಲ್ಲಿ ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡಲು ಶುರು ಮಾಡಿದರು. ಕಲಿಸುವವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅಂದರೆ ಶಿಷ್ಯನ ಬೆನ್ನು ತಟ್ಟಿ 24 ವರ್ಷ ಆದಮೇಲೆ ನಮಗೆ ಗುರುವಿನ ನೆನಪಾಯಿತು! ಮೊದಲ ವರ್ಷದ ಆ ಪ್ರಶಸ್ತಿ ಪಡೆದವರಲ್ಲಿ ಕುಸ್ತಿಯ ಗುರು ಭಾಲಚಂದ್ರ ಭಾಗವತ್ ಕೂಡ ಇದ್ದರು ಎಂಬುದು ಒಂದು ಸಮಾಧಾನ. ನಮ್ಮ ರಾಜ್ಯ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಅದೂ ಆಡಿದ್ದಕ್ಕೆ ಸಿಗುವಂಥದ್ದು, ಕಲಿಸಿದ್ದಕ್ಕಲ್ಲ.

ಈಗ ಇವತ್ತಿಗೆ ಬರೋಣ. ಮೂಡಲಗಿ ಗೋಕಾಕ ತಾಲೂಕಿನಿಂದ ಬೇರೆಯಾಗಿ ತಾನೇ ಒಂದು ತಾಲೂಕಾಗಿದೆ. ತಾಲೂಕು ಊರುಗಳಲ್ಲೆಲ್ಲ ಕನ್ನಡಿ ಹಚ್ಚಿದ ಜಿಮ್ಮುಗಳಿವೆ. ಬೆಳಗಾವಿ ಜಿಲ್ಲೆಯಲ್ಲಿ ದೇಹದಾರ್ಢ್ಯ ಸ್ಪರ್ಧೆ ಅಂದರೆ ಜನ ಮುಗಿಬೀಳುತ್ತಾರೆ. ಸಕ್ಕರೆ ಕಾರ್ಖಾನೆಯ ಹೆಸರಿನಲ್ಲಿ "ಸತೀಶ ಶುಗರ್ಸ್ ಕ್ಲಾಸಿಕ್" ಅಂತಲೇ ಸ್ಪರ್ಧೆ ನಡೆದಿದೆ. ಅರಸನ ಜಾಗಕ್ಕೆ ಕಬ್ಬು ಬಂದಿದೆ ಅನ್ನಿ! ಟ್ರೇನರ್ ಆಗಬೇಕು ಅನ್ನುವ ಹುಡುಗನಿಗೆ ಈಗ ಕೋರ್ಸುಗಳಿವೆ. ಕೇಂದ್ರದ ಕೌಶಲ್ಯ ಯೋಜನೆಯ ಪಟ್ಟಿಯಲ್ಲಿ ಫಿಟ್ನೆಸ್ ಟ್ರೇನರ್ ಎಂಬುದೂ ಒಂದು ಕಸುಬು. ಅಪ್ಪನ ಪ್ರಶ್ನೆಗೆ ಉತ್ತರವೂ ಇದೆ: ಪಗಾರ ಕೊಡುವವನು ಗಿರಾಕಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ಗೂನು ಮಾಡಿಕೊಂಡ ನಮ್ಮಂಥವರೇ ಆ ಗಿರಾಕಿಗಳು.

ಗಿರಾಕಿಯ ಪಗಾರಕ್ಕೂ ತನ್ನದೇ ಗುಣ, ದೋಷ ಇದೆ. ದೊಡ್ಡ ಗುಣ ಅಂದರೆ ಹೆಣ್ಣುಮಕ್ಕಳು. ನಮ್ಮ ತಾಲೀಮಿನ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ಬಾಣಂತಿಗೆ ಕರದಂಟು ಕೊಟ್ಟೆವು, ಕಣ ಕೊಡಲಿಲ್ಲ. ಜಿಮ್ಮು ಬಾಗಿಲು ತೆರೆಯಿತು. ಹಾಗಾಗಿ ಹೆಣ್ಣು ಟ್ರೇನರ್‌ಗಳಿಗೂ ಇದು ಕಸುಬಾಯಿತು. ಇದನ್ನು ಗೌರವದ ವ್ಯವಸ್ಥೆ ಒಂಬೈನೂರು ವರ್ಷದಲ್ಲಿ ಮಾಡಲಿಲ್ಲ, ಫೀ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿತು.

ದೋಷ ಏನೆಂದರೆ ಗಿರಾಕಿ ನಿಂತ ದಿನ ಪಗಾರವೂ ನಿಲ್ಲುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಆಗಸ್ಟ್ 5ರವರೆಗೆ ದೇಶದಲ್ಲಿ ಜಿಮ್ಮುಗಳು ತೆರೆಯುವಂತಿರಲಿಲ್ಲ. ಹೊಲ ಇದ್ದ ಹಳೆಯ ವಸ್ತಾದ ಅಂಥ ದಿನಗಳಲ್ಲಿ ಉಣ್ಣುತ್ತಿದ್ದ, ತಿಂಗಳ ಫೀಯನ್ನೇ ನಂಬಿದ ಟ್ರೇನರ್ ಏನು ಮಾಡಬೇಕು? ಇನ್ನೊಂದು, ಗಿರಾಕಿಗೆ ಆತುರ. ಮೂರು ತಿಂಗಳಲ್ಲಿ ಮೈ ಬದಲಾಗಬೇಕು. "ಇವತ್ತು ನೀ ಆಡಬ್ಯಾಡ" ಅಂತ ವಸ್ತಾದ ಹೇಳಬಲ್ಲವನಾಗಿದ್ದ, ಯಾಕೆಂದರೆ ಅವನು ಹುಡುಗನ ರೊಕ್ಕಕ್ಕೆ ಕೈ ಚಾಚಿರಲಿಲ್ಲ. ಫೀ ಕೊಟ್ಟ ಗಿರಾಕಿಗೆ "ಬ್ಯಾಡ" ಅನ್ನಲು ಬೇರೆಯೇ ಧೈರ್ಯ ಬೇಕು, ಆ ಧೈರ್ಯಕ್ಕೆ ಓದು ಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ಕರ್ನಾಟಕ ಜಿಮ್ಮುಗಳ ಕಡೆ ಭಯದಿಂದ ನೋಡಿತು. ಕಾರಣ ಏನೇ ಇರಲಿ, ಕಲಿಸುವವನಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆಯನ್ನು ಜನ ಮೊದಲ ಸಲ ಗಂಭೀರವಾಗಿ ಕೇಳಿದ್ದು ಆಗಲೇ.

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಅರಸ ಪಗಾರ ಕೊಟ್ಟಾಗ ಅರಸನ ಜಟ್ಟಿ ತಯಾರಾದ. ಊರು ಕೊಟ್ಟಾಗ ಊರಿನ ಪೈಲ್ವಾನ ತಯಾರಾದ. ಸರ್ಕಾರ ಕೊಟ್ಟಾಗ ಸಾಲಿನಲ್ಲಿ ನಿಂತು ಕೈ ಎತ್ತುವ ಹುಡುಗರು ತಯಾರಾದರು. ಈಗ ಗಿರಾಕಿ ಕೊಡುತ್ತಿದ್ದಾನೆ, ಕೊಡಬಲ್ಲವನ ಮೈ ಮಾತ್ರ ತಯಾರಾಗುತ್ತಿದೆ. ಪಗಾರ ಯಾರದೋ ಮೈ ಅವರದು.

ಹಾಗಂತ ಹಳೆಯದೇ ಚೆನ್ನ ಅಂತ ನಾನು ಹೇಳುತ್ತಿಲ್ಲ. ಗೌರವದಿಂದ ಹೊಟ್ಟೆ ತುಂಬುವುದಿಲ್ಲ, ವಸ್ತಾದರ ಮನೆಗಳಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ಸೀಮೆಯ ಹುಡುಗ, ಹುಡುಗಿ ಧೈರ್ಯವಾಗಿ ಈ ಕಸುಬಿಗೆ ಬರಲಿ, ಸರಿಯಾಗಿ ಕಲಿತು ಬರಲಿ, ನಾಚಿಕೆ ಇಲ್ಲದೆ ಫೀ ತೆಗೆದುಕೊಳ್ಳಲಿ. ಅದರ ಜೊತೆಗೆ ವಾರಕ್ಕೆ ಒಂದು ನಸುಕು ಫೀ ಕೊಡಲಾಗದ ಮಕ್ಕಳಿಗೂ ಬಾಗಿಲು ತೆರೆದಿರಲಿ. ಅಷ್ಟಾದರೆ ಜಿಮ್ಮಿನ ಕನ್ನಡಿಯಲ್ಲಿ ವಸ್ತಾದನ ಮುಖವೂ ಒಂಚೂರು ಕಾಣುತ್ತದೆ.

ನಿಮ್ಮ ಊರಲ್ಲಿ ತಾಲೀಮು ಇತ್ತೇ? ಈಗ ಅಲ್ಲಿ ಏನಿದೆ? ನಿಮ್ಮ ಅಜ್ಜನೋ ಕಾಕಾನೋ ಕಣಕ್ಕೆ ಇಳಿದವರಿದ್ದರೆ ಅವರ ವಸ್ತಾದನ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಅಂತ ಒಮ್ಮೆ ಕೇಳಿ, ಇಲ್ಲಿ ಬರೆದು ತಿಳಿಸಿ. ಗೆದ್ದವರ ಹೆಸರು ಜಾತ್ರೆಯ ಮಾತಿನಲ್ಲಿ ಹೇಗೋ ಉಳಿಯುತ್ತದೆ. ಗೆಲ್ಲಿಸಿದವರದು ನಾವು ಕೇಳಿ ಬರೆದಿಟ್ಟರೆ ಮಾತ್ರ ಉಳಿದೀತು.